ಎಲ್ಲರೂ ಮೊಜಿಲ್ಲಾ!



ಕಳೆದ ಭಾನುವಾರ ನಮ್ಮ ಮನೆಯಲ್ಲಿ ಒಂದು ಸುಳ್ಳಿನ ಪ್ರಕರಣ ನಡೆಯಿತು. ಸುಳ್ಳು ಹೇಳಿದ್ದು ನನ್ನ ಕಂಪ್ಯೂಟರು. ಹೇಳಿಸಿದ್ದು ನನ್ನ ಹಿರಿ ಮೊಮ್ಮಗಳು. ಹಿಡಿದುಹಾಕಿದ್ದು ಆರನೇ ತರಗತಿಯ ಕಿರಿ ಮೊಮ್ಮಗ. ಲಾಭವಾದದ್ದು ಮಾತ್ರ ನನಗೆ.

ನಡೆದದ್ದು ಇಷ್ಟು. ನಾನೊಂದು ಅರ್ಜಿ ತುಂಬಬೇಕಿತ್ತು. ಈಗ ಅರ್ಜಿ ಎಂದರೆ ಆನ್‌ಲೈನ್ ತಾನೇ? ಹಳೆಯ ಲ್ಯಾಪ್‌ಟಾಪ್ ತೆರೆದೆ, ಕನ್ನಡಕ ಒರೆಸಿಕೊಂಡೆ, ವಿಳಾಸ ಟೈಪ್ ಮಾಡಿದೆ. ಅರ್ಜಿಯ ಬದಲು ಒಂದು ಬೋರ್ಡು ಬಂತು: ‘ನಿಮ್ಮ ಬ್ರೌಸರ್ ಇಲ್ಲಿ ನಡೆಯುವುದಿಲ್ಲ. ಕ್ರೋಮ್ ಬಳಸಿ.’ ನಾನು ಬಳಸುವುದು ಫೈರ್‌ಫಾಕ್ಸ್. ವರ್ಷಗಳಿಂದ ಕೈಗೆ ಅಭ್ಯಾಸವಾದದ್ದು. ಮೂರು ಸಲ ಒತ್ತಿದೆ. ಮೂರು ಸಲವೂ ಅದೇ ಬೋರ್ಡು. ಇಂಥದ್ದನ್ನು ಕಂಡಾಗ ನನ್ನ ವಯಸ್ಸಿನವರಿಗೆ ಮೊದಲು ಹೊಳೆಯುವುದು ಒಂದೇ: ‘ನಾನೇ ಏನೋ ತಪ್ಪು ಮಾಡಿದೆ.’ ಓದುತ್ತಿರುವ ಅಜ್ಜ-ಅಜ್ಜಿಯರು ಈಗ ತಲೆಯಾಡಿಸುತ್ತಿರಬಹುದು.

ಬೆಂಗಳೂರಿನಿಂದ ಬಂದಿದ್ದ ಹಿರಿ ಮೊಮ್ಮಗಳು ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳು ವೆಬ್ ಡೆವಲಪರ್. ಎಂದರೆ ನಾವು ತೆರೆದು ನೋಡುವ ಇಂಥ ಪುಟಗಳನ್ನು ಕಟ್ಟುವುದೇ ಅವಳ ಉದ್ಯೋಗ. ಕೈ ಒರೆಸಿಕೊಂಡು ಬಂದಳು, ಏನೋ ಒಂದು ಸೆಟ್ಟಿಂಗ್ ಬದಲಿಸಿದಳು. ಪುಟ ತಟ್ಟನೆ ತೆರೆದುಕೊಂಡಿತು! ಅರ್ಜಿ ತುಂಬಿದೆ, ಕಳಿಸಿದೆ, ಸ್ವೀಕೃತಿ ಸಂಖ್ಯೆಯೂ ಬಂತು. ಅದೇ ಕಂಪ್ಯೂಟರು, ಅದೇ ಬ್ರೌಸರ್, ಅದೇ ತಾತ.

“ಏನು ಮಾಡಿದೆಯಮ್ಮಾ?”

“ಏನಿಲ್ಲ ತಾತ. ನಿಮ್ಮ ಫೈರ್‌ಫಾಕ್ಸ್‌ಗೆ ‘ನಾನು ಕ್ರೋಮ್’ ಅಂತ ಹೇಳೋಕೆ ಹೇಳಿದೆ.”

ಕಿರಿಯವನು ಅಲ್ಲೇ ಹಿಡಿದುಕೊಂಡ. “ಅಕ್ಕಾ, ಅದು ಸುಳ್ಳಲ್ವಾ?”

“ಸುಳ್ಳೇ ಕಣೋ. ಆದರೆ ಬ್ರೌಸರ್‌ಗಳ ವಂಶದಲ್ಲಿ ಈ ಸುಳ್ಳು ಮೂವತ್ತು ವರ್ಷದಿಂದ ನಡ್ಕೊಂಡು ಬಂದಿದೆ” ಎಂದು ಅವಳು ಕಥೆ ಶುರುಮಾಡಿದಳು. ನನಗೆ ಅರ್ಥವಾದಂತೆ ನಿಮಗೂ ಹೇಳುತ್ತೇನೆ.

ಬ್ರೌಸರ್ ಎಂದರೆ ಜಾಲತಾಣದ ಪುಟಗಳನ್ನು ತಂದು ತೋರಿಸುವ ತಂತ್ರಾಂಶ. ನಾವು ವಿಳಾಸ ಕೊಟ್ಟಾಗ ಅದು ದೂರದ ಒಂದು ಕಂಪ್ಯೂಟರಿಗೆ ಚೀಟಿ ಕಳಿಸಿ ‘ಈ ಪುಟ ಕೊಡಿ’ ಎಂದು ಕೇಳುತ್ತದೆ. ಬ್ಯಾಂಕಿನ ಕೌಂಟರಿಗೆ ಹಣ ತೆಗೆಯುವ ಚೀಟಿ ಕೊಟ್ಟ ಹಾಗೆ. ಆ ಚೀಟಿಯ ಒಂದು ಸಾಲಿನಲ್ಲಿ ಬ್ರೌಸರ್ ತಾನು ಯಾರೆಂದು ಬರೆದಿರುತ್ತದೆ. ಆ ಸಾಲಿಗೆ ‘ಯೂಸರ್ ಏಜೆಂಟ್’ ಎಂದು ಹೆಸರು.

ಮೊಟ್ಟಮೊದಲ ಬ್ರೌಸರನ್ನು 1990ರಲ್ಲಿ ಬರೆದವರು ಟಿಮ್ ಬರ್ನರ್ಸ್-ಲೀ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿರುವ ಸರ್ನ್ ಎಂಬ ಸಂಶೋಧನಾ ಕೇಂದ್ರದಲ್ಲಿ ಅವರು ಕೆಲಸ ಮಾಡುತ್ತಿದ್ದರು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಿಂದ ‘ಮೊಸಾಯಿಕ್’ ಬಂತು. ಬರಹದ ನಡುವೆಯೇ ಚಿತ್ರ ತೋರಿಸುತ್ತಿದ್ದ ಅದನ್ನು ಜನ ಬಹಳ ಮೆಚ್ಚಿದರು. ಅದನ್ನು ಬರೆದವರಲ್ಲಿ ಒಬ್ಬರಾದ ಮಾರ್ಕ್ ಆಂಡ್ರೀಸನ್ 1994ರಲ್ಲಿ ಹೊಸ ಕಂಪನಿ ಕಟ್ಟುವುದರಲ್ಲಿ ಜೊತೆಯಾದರು. ಅಲ್ಲಿಂದ ಬಂದದ್ದು ‘ನೆಟ್‌ಸ್ಕೇಪ್’. ಮನೆಯೊಳಗೆ ಅದರ ಅಡ್ಡಹೆಸರು ‘ಮೊಜಿಲ್ಲಾ’. ಮೊಸಾಯಿಕನ್ನು ಮಣಿಸುವ ಗಾಡ್ಜಿಲ್ಲಾ ಎಂಬ ತಮಾಷೆ. ಚೀಟಿಯಲ್ಲಿ ಅದು ಬರೆಯುತ್ತಿದ್ದದ್ದೂ ‘ಮೊಜಿಲ್ಲಾ’ ಎಂದೇ.

ಒಂದೇ ಪುಟವನ್ನು ಚೌಕ ಚೌಕವಾಗಿ ಭಾಗ ಮಾಡಿ ತೋರಿಸುವ ‘ಫ್ರೇಮ್’ ಎಂಬ ವಿದ್ಯೆಯನ್ನು ನೆಟ್‌ಸ್ಕೇಪ್ ತಂದಿತು. ಪುಟ ಕಟ್ಟುವವರು ಆಗ ಒಂದು ಉಪಾಯ ಮಾಡಿದರು. ಚೀಟಿಯಲ್ಲಿ ‘ಮೊಜಿಲ್ಲಾ’ ಎಂದಿದ್ದರೆ ಚೆಂದದ ಪುಟ ಕೊಡುವುದು, ಇಲ್ಲದಿದ್ದರೆ ಸಾದಾ ಪುಟ. 1995ರಲ್ಲಿ ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಂತು. ಅದಕ್ಕೂ ಚೆಂದದ ಪುಟವೇ ಬೇಕಲ್ಲ? ಅದೂ ಚೀಟಿಯ ಮೇಲೆ ‘ಮೊಜಿಲ್ಲಾ’ ಎಂದು ಬರೆಯತೊಡಗಿತು. ತನ್ನ ನಿಜವಾದ ಹೆಸರನ್ನು ಪಕ್ಕದಲ್ಲಿ ಕಂಸದೊಳಗೆ ಮೆಲ್ಲಗೆ ಸೇರಿಸಿತು!

ಅಲ್ಲಿಂದ ಮುಂದೆ ಇದು ಮದುವೆ ಮನೆಯ ಊಟದ ಸಾಲಿನ ಹಾಗಾಯಿತು. ‘ಯಾರ ಕಡೆಯವರು?’ ಎಂದರೆ ‘ಹುಡುಗಿಯ ಸೋದರಮಾವನ ಷಡ್ಡಕನ ಕಡೆಯವರು’ ಎನ್ನುತ್ತಾರಲ್ಲ, ಹಾಗೆ. ನೆಟ್‌ಸ್ಕೇಪಿನವರು 1998ರಲ್ಲಿ ತಮ್ಮ ಬ್ರೌಸರಿನ ಒಳಗುಟ್ಟನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅಲ್ಲಿಂದ ಬೆಳೆದ ಹೊಸ ಯಂತ್ರದ ಹೆಸರು ‘ಗೆಕೋ’. ಹಾಗೆಂದರೆ ಹಲ್ಲಿ. 2004ರ ಫೈರ್‌ಫಾಕ್ಸ್ ಓಡಿದ್ದು ಈ ಹಲ್ಲಿಯ ಬಲದಿಂದಲೇ. ‘ಕೆಎಚ್‌ಟಿಎಂಎಲ್’ ಎಂಬ ಇನ್ನೊಂದು ಯಂತ್ರದವರು ‘ನಾನೂ ಗೆಕೋ ಥರದವನು’ ಎಂದು ಬರೆದುಕೊಂಡರು. ಆ ಯಂತ್ರವನ್ನೇ ಆಧಾರ ಮಾಡಿಕೊಂಡು 2003ರಲ್ಲಿ ಆಪಲ್‌ನ ಸಫಾರಿ ಬಂತು. 2008ರಲ್ಲಿ ಗೂಗಲ್‌ನ ಕ್ರೋಮ್ ಬಂತು. ಕ್ರೋಮ್ ಚೀಟಿಯಲ್ಲಿ ಏನಿದೆ ಗೊತ್ತೇ? ಮೊಜಿಲ್ಲಾ, ಆಪಲ್‌ವೆಬ್‌ಕಿಟ್, ಕೆಎಚ್‌ಟಿಎಂಎಲ್, ಗೆಕೋ ಥರದವನು, ಕ್ರೋಮ್, ಸಫಾರಿ. ಆರು ಹೆಸರಿನಲ್ಲಿ ಅದರ ಸ್ವಂತದ್ದು ಒಂದೇ. ನೆಟ್‌ಸ್ಕೇಪ್ ಎಂದೋ ಕಣ್ಮುಚ್ಚಿತು. ಅದರ ಅಡ್ಡಹೆಸರು ಮಾತ್ರ ಇಂದಿಗೂ ಎಲ್ಲರ ಚೀಟಿಯ ತುದಿಯಲ್ಲಿ ಕೂತಿದೆ.

ಇನ್ನೊಂದು ಮಜಾ ಕೇಳಿ. 2009ರಲ್ಲಿ ಓಪೆರಾ ಎಂಬ ಬ್ರೌಸರಿನ 10ನೇ ಆವೃತ್ತಿ ಬಂತು. ಕೆಲವು ಪುಟಗಳು 10ರಲ್ಲಿ ಮೊದಲ ಅಂಕಿಯನ್ನು ಮಾತ್ರ ಓದಿ, ಇದು 1ನೇ ಆವೃತ್ತಿ, ತೀರಾ ಹಳೆಯದು ಎಂದು ತಿಳಿದವು. ಕೊನೆಗೆ ಓಪೆರಾ ‘ನನ್ನ ಆವೃತ್ತಿ 9.80’ ಎಂದು ಬರೆದು, ನಿಜವಾದ 10ನ್ನು ಸಾಲಿನ ಕೊನೆಗೆ ಹಾಕಿತು. ನನಗೆ ಇದು ಚೆನ್ನಾಗಿ ಅರ್ಥವಾಯಿತು. ನಮ್ಮ ಕಾಲದ ಚೆಕ್ಕುಗಳಲ್ಲಿ ಇಸವಿಯ ಜಾಗದಲ್ಲಿ ‘19’ ಎಂದು ಮೊದಲೇ ಅಚ್ಚಾಗಿರುತ್ತಿತ್ತು. 2000 ಎಂಬ ವರ್ಷ ಬಂದೇ ಬರುತ್ತದೆಂದು ಅಚ್ಚು ಹಾಕಿಸಿದವರಿಗೆ ತೋಚಿರಲಿಲ್ಲ.

2019ರಲ್ಲಿ ವಿವಾಲ್ಡಿ ಎಂಬ ಬ್ರೌಸರಂತೂ ತನ್ನ ಹೆಸರನ್ನೇ ಚೀಟಿಯಿಂದ ತೆಗೆದುಹಾಕಿ ಕ್ರೋಮ್ ಎಂದು ಹೇಳಿಕೊಳ್ಳತೊಡಗಿತು. ಹೆಸರು ಹೇಳಿದರೆ ಕೆಲವು ಕಡೆ ಬಾಗಿಲು ಹಾಕುತ್ತಿದ್ದರು. ಹೇಳದಿದ್ದರೆ ಎಲ್ಲವೂ ಸರಾಗ.

“ಹಾಗಾದ್ರೆ ಬೋರ್ಡು ಹಾಕೋರು ಕೆಟ್ಟವರು” ಎಂದ ಕಿರಿಯವನು.

ಅಕ್ಕ ಅವರೆಕಾಯಿ ಬುಟ್ಟಿಯನ್ನು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹೋದ ತಿಂಗಳು ನಾನೂ ಅಂಥದ್ದೊಂದು ಬೋರ್ಡು ಹಾಕಿದೀನಿ” ಎಂದಳು. “ಪ್ರತಿ ಬ್ರೌಸರಿನಲ್ಲೂ ಪುಟ ತೆರೆದು ನೋಡಬೇಕು, ಅದಕ್ಕೆ ಟೈಮ್ ಇರಲಿಲ್ಲ. ಹೆಚ್ಚು ಜನ ಕ್ರೋಮೇ ಬಳಸೋದು, ಉಳಿದವರಿಗೆ ಒಂದು ಬೋರ್ಡು ಹಾಕಿಬಿಡು ಅಂದ್ರು. ಹಾಕಿದೆ.”

ಅವಳನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ. ಯಾಕೆಂದರೆ ನಾನೂ ಅಂಥ ಬೋರ್ಡು ಹಾಕಿದವನೇ. ಆ ಕಥೆಯನ್ನು ಇದುವರೆಗೆ ಮನೆಯಲ್ಲಿ ಹೇಳಿರಲಿಲ್ಲ. ಅಂದು ಹೇಳಿದೆ.

1979ನೇ ಇಸವಿ. ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನ ಶಾಖೆಯಲ್ಲಿ ನಾನು ಗುಮಾಸ್ತ. ದಪ್ಪ ದಪ್ಪ ಲೆಡ್ಜರು, ಹಿತ್ತಾಳೆ ಟೋಕನ್ನು. ಅಂದು ಸಂತೆಯ ದಿನ, ಕೌಂಟರಿನಲ್ಲಿ ನೂಕುನುಗ್ಗಲು. ಹಣ ಕೊಡುವ ವೇಳೆ ಮುಗಿಯಲು ಹತ್ತು ನಿಮಿಷವಿತ್ತು. ಒಬ್ಬ ಮುದುಕಮ್ಮ ಪಾಸ್‌ಬುಕ್ ಚಾಚಿ, ತನ್ನ ಹೆಸರು ಹೇಳಿ, ಅರವತ್ತು ರೂಪಾಯಿ ಬೇಕು ಎಂದಳು. ಹೆಬ್ಬೆಟ್ಟಿನ ಖಾತೆ. ಪಾಸ್‌ಬುಕ್ಕಿನಲ್ಲಿ ಅವಳ ಫೋಟೋ ಇತ್ತು. ನಾನು ಅದನ್ನು ಬಿಡಿಸಿ ನೋಡಿ, ಎದುರಿಗೇ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರೆ ಸಾಕಿತ್ತು. ಬಿಡಿಸಲೇ ಇಲ್ಲ. ಮಾಸಿದ ಸೀರೆ ನೋಡಿದೆ, ಗಡಿಯಾರ ನೋಡಿದೆ. “ನಿನ್ನ ಗುರುತು ಹೇಳೋರನ್ನ ಕರ್ಕೊಂಡು ನಾಳೆ ಬಾ” ಎಂದುಬಿಟ್ಟೆ.

ಮರುದಿನ ಅವಳು ಒಬ್ಬಳೇ ಬಂದಳು. “ನಾನು ಪಟೇಲರ ಮನೆ ಕಡೆಯೋಳು” ಎಂದಳು. ನಾನು ಎದ್ದು ನಿಂತು ಬೆಂಚು ತೋರಿಸಿದೆ. ಐದೇ ನಿಮಿಷದಲ್ಲಿ ಹಣ ಕೊಡಿಸಿದೆ.

ಕೆಲವು ತಿಂಗಳಾದ ಮೇಲೆ ಪಟೇಲರು ಬ್ಯಾಂಕಿಗೆ ಬಂದಾಗ, ನಿಮ್ಮ ಕಡೆಯವರ ಕೆಲಸ ಬೇಗ ಮಾಡಿಕೊಟ್ಟೆ ಎಂದು ಹೇಳಿಕೊಂಡೆ. ಅವರು “ಯಾರಪ್ಪಾ ಅದು? ನಮ್ಮ ಕಡೆ ಆ ಹೆಸರಿನೋರು ಯಾರೂ ಇಲ್ಲ” ಎಂದರು. ನನಗೆ ಸಿಟ್ಟು ಬಂತು. ಮುಂದಿನ ಸಲ ಮುದುಕಮ್ಮ ಬಂದಾಗ, ಯಾಕೆ ಸುಳ್ಳು ಹೇಳಿದೆ ಎಂದು ಗದರಿಸಿದೆ.

ಅವಳು ಹೆದರಲಿಲ್ಲ. “ನನ್ ಹೆಸ್ರು ಹೇಳ್ದಾಗ ನಾಳೆ ಬಾ ಅಂದ್ರಿ. ಪಟೇಲ್ರ ಹೆಸ್ರು ಹೇಳ್ದಾಗ ಕೂತ್ಕಳಮ್ಮ ಅಂದ್ರಿ. ನಾನೇನ್ ಮಾಡ್ಲಿ ಸ್ವಾಮಿ?” ಎಂದಳು.

ಆ ಅರವತ್ತು ರೂಪಾಯಿ ಯಾತಕ್ಕೆಂದು ಆಗ ಕೇಳಿದೆ. ಮೊಮ್ಮಗನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫೀಸು, ಜೊತೆಗೆ ಬಸ್ಸಿನ ಖರ್ಚು. ಫೀಸು ಕಟ್ಟಲು ನಾನು ‘ನಾಳೆ ಬಾ’ ಎಂದ ದಿನವೇ ಕೊನೆಯ ದಿನವಾಗಿತ್ತು. ಶಾಲೆಯ ಹೆಡ್‌ಮಾಸ್ತರು ತಮ್ಮ ಜೇಬಿನಿಂದ ಕಟ್ಟಿದ್ದರಿಂದ ಹುಡುಗನ ವರ್ಷ ಉಳಿಯಿತು. ಆ ಪುಣ್ಯ ಅವರದು. ನನ್ನ ಲೆಕ್ಕದಲ್ಲಿ ಬರೆಯುವ ಹಾಗಿಲ್ಲ.

ಕಥೆ ಮುಗಿದ ಮೇಲೆ ಮೊಮ್ಮಗಳನ್ನು ಕೇಳಿದೆ, “ಹೆಸರು ಕೇಳದೆ ಬೇರೆ ದಾರಿ ಇಲ್ವಾ?”

“ಇದೆ ತಾತ. ‘ನೀನು ಯಾರು’ ಅಂತ ಕೇಳೋ ಬದಲು ‘ಈ ಕೆಲಸ ನಿನಗೆ ಬರುತ್ತಾ’ ಅಂತ ಬ್ರೌಸರನ್ನ ಕೇಳಬಹುದು. ಬಂದರೆ ಸರಿ. ಬರದೇ ಇದ್ದರೆ ಆ ಒಂದು ಭಾಗಕ್ಕೆ ಸಾದಾ ವ್ಯವಸ್ಥೆ ಮಾಡಿ ಉಳಿದ ಪುಟ ತೋರಿಸಬಹುದು. ಬಾಗಿಲು ಮುಚ್ಚೋ ಅಗತ್ಯವೇ ಇಲ್ಲ. ಒಳ್ಳೆ ಕೆಲಸಗಾರರು ಎಷ್ಟೋ ವರ್ಷದಿಂದ ಹಾಗೇ ಮಾಡ್ತಿದಾರೆ. ಕೆಲಸ ಸ್ವಲ್ಪ ಹೆಚ್ಚು, ಅಷ್ಟೇ.”

ಪಾಸ್‌ಬುಕ್ ಬಿಡಿಸಿ ಫೋಟೋ ನೋಡುವುದೂ ಸ್ವಲ್ಪ ಹೆಚ್ಚಿನ ಕೆಲಸವೇ ಆಗಿತ್ತು.

ಮಂಗಳವಾರ ರಾತ್ರಿ ಬೆಂಗಳೂರಿನಿಂದ ಫೋನ್ ಬಂತು. “ತಾತ, ಬೋರ್ಡು ತೆಗೆದೆ. ಫೈರ್‌ಫಾಕ್ಸ್‌ನಲ್ಲಿ ಎರಡು ಬಟನ್ ಸ್ವಲ್ಪ ಪಕ್ಕಕ್ಕೆ ಸರಿದಿವೆ, ನಾಳೆ ಸರಿ ಮಾಡ್ತೀನಿ.”

“ಸರಿದಿದ್ರೂ ಪರವಾಗಿಲ್ಲಮ್ಮ, ಒತ್ತೋಕೆ ಆಗುತ್ತಲ್ಲ” ಎಂದೆ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಮನೆಯ ದೊಡ್ಡವರನ್ನು ಕೂರಿಸಿಕೊಂಡು, ಫೋನಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ‘ನನ್ನ ಯೂಸರ್ ಏಜೆಂಟ್ ಯಾವುದು’ ಎಂದು ಹುಡುಕಿ. ನಿಮ್ಮ ಬ್ರೌಸರಿನ ಚೀಟಿ ಕಾಣುತ್ತದೆ. ಅದರಲ್ಲಿ ಎಷ್ಟು ಹೆಸರುಗಳಿವೆ, ಎಷ್ಟು ಅದರ ಸ್ವಂತದ್ದು, ಎಣಿಸಿ. ಅಜ್ಜ-ಅಜ್ಜಿಯರೇ, ಮಕ್ಕಳು ಎಣಿಸುವಾಗ ನೀವೂ ಒಂದು ಕೆಲಸ ಮಾಡಿ. ಎಲ್ಲಿಯಾದರೂ ಒಳಗೆ ಹೋಗಲು ಬೇರೆಯವರ ಹೆಸರು ಹೇಳಬೇಕಾಗಿ ಬಂದ ದಿನ ನೆನಪಿದ್ದರೆ ಅವರಿಗೆ ಹೇಳಿ. ನನ್ನ ಹಾಗೆ ಹೇಳಿಸಿದವರಾಗಿದ್ದರೆ ಅದನ್ನೂ ಹೇಳಿ.

ಮುಂದಿನ ವಾರ ಸಿಗೋಣ.