ಮೊದಲು ಅಳತೆ, ಆಮೇಲೆ ಬ್ಯಾಟರಿ

ನಾಸಿಕದ ಸಾತಪುರ, ಅಂಬಡಗಳಲ್ಲೂ ಛತ್ರಪತಿ ಸಂಭಾಜಿನಗರದ ವಾಳೂಜದಲ್ಲೂ ಮೋಟಾರು ಸೈಕಲ್ಲನ್ನೇ ನಂಬಿ ಪಾಳಿಗೆ ಹೋಗುವ ಕಾರ್ಮಿಕ ಬಂಧುಗಳಿಗೆ ನಮ್ಮದೊಂದು ಮಾತು. ಬೆಳಗಿನ ಪಾಳಿಯ ಹೊತ್ತಿಗೆ ಗಾಡಿ ಹೊರಡದಿದ್ದರೆ ಆ ದಿನದ ಕೂಲಿಗೇ ಸಂಚಕಾರ, ನಿಜ. ಹಾಗೆಂದು ಗಾಬರಿಯಲ್ಲಿ ಹೊಸ ಬ್ಯಾಟರಿ ಕೊಳ್ಳುವುದು ದುಡಿದ ಹಣವನ್ನು ನೀರಿಗೆ ಹಾಕಿದಂತೆ.

ಮೊದಲು ಬ್ಯಾಟರಿಯ ತುದಿಗಳು ಬಿಗಿಯಾಗಿವೆಯೇ, ಕಿಲುಬು ಹಿಡಿದಿವೆಯೇ ನೋಡಿರಿ. ನಂತರ ಮೀಟರು ಹಿಡಿಸಿರಿ. ಪೂರ್ತಿ ಚಾರ್ಜಾದ 12 ವೋಲ್ಟಿನ ಬ್ಯಾಟರಿ, ಗಾಡಿ ನಿಂತಿರುವಾಗ ಸುಮಾರು 12.6 ತೋರಿಸಬೇಕು, ಇಂಜಿನಿನ ವೇಗ ಏರಿಸಿದಾಗ 13.5ರಿಂದ 14.5. ಏರದಿದ್ದರೆ ದೋಷ ವಯರು, ಸ್ಟೇಟರು ಇಲ್ಲವೆ ರೆಗ್ಯುಲೇಟರಿನದು. 15 ದಾಟಿದರೆ ರೆಗ್ಯುಲೇಟರನ್ನೇ ಶಂಕಿಸಬೇಕು. ಅಂಥ ಗಾಡಿಯಲ್ಲಿ ಹೊಸ ಬ್ಯಾಟರಿಯೂ ಬಾಳದು.

ಅಳತೆ ತೋರಿಸದೆ "ಬದಲಿಸಿ" ಎನ್ನುವವರ ಮಾತಿಗೆ ಹಣ ಬಿಚ್ಚಬೇಡಿರಿ. ಒಂದು ಕೋಣೆಯಲ್ಲಿ ವಾಸಿಸುವವರು ಕೂಡಿ ಒಂದು ಮೀಟರು ಕೊಂಡಿಟ್ಟುಕೊಳ್ಳಲಿ. ಲೆಕ್ಕ ಕೇಳುವ ಅಭ್ಯಾಸ ಸಂಬಳದ ದಿನಕ್ಕೆ ಮಾತ್ರವಲ್ಲ, ಗ್ಯಾರೇಜಿನಲ್ಲೂ ಬೇಕು.