ನೌಬಾದ ಸುರಂಗ ಬಾವಿ: ಉಳಿಸಬೇಕಾದದ್ದು ಬಾವಿ ಅಷ್ಟೇ ಅಲ್ಲ, ಮೇಲಿನ ಕೆಂಪು ಕಲ್ಲೂ ಹೌದು

ಬೀದರ್: ನೌಬಾದದ ಸುರಂಗ ಬಾವಿ ಯಾರಿಗೆ ಗೊತ್ತಿಲ್ಲ? 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರ ಕಾಲಕ್ಕೆ ಪರ್ಷಿಯಾದ ಕರೇಜ್ ತಂತ್ರದಲ್ಲಿ ಕೊರೆದದ್ದು. 2015ರ ಆಸುಪಾಸಿನಲ್ಲಿ ಹೂಳು ತೆಗೆದ ಮೇಲೆ ಮತ್ತೆ ಸುದ್ದಿಯಾಯ್ತು. ಆದರೆ ಒಳಗಿನ ನೀರು ಎಲ್ಲಿಂದ ಬರುತ್ತೆ ಅಂತ ಕೇಳೋರು ಕಡಿಮೆ.

ಉತ್ತರ ನಮ್ಮ ಕಾಲ ಕೆಳಗೇ ಇದೆ. ಬೀದರ್ ಊರು ಕೂತಿರೋದು ಜಂಬಿಟ್ಟಿಗೆ ಅಂದ್ರೆ ಕೆಂಪು ಕಲ್ಲಿನ ಮೇಲೆ. ಅದರಡಿ ಕರಿ ಬಸಾಲ್ಟ್ ಬಂಡೆ. ಕೆಂಪು ಕಲ್ಲಲ್ಲಿ ತೂತು ಜಾಸ್ತಿ, ಮಳೆ ನೀರು ಇಂಗುತ್ತೆ. ಕರಿ ಬಂಡೆ ಅದನ್ನ ತಡೆಯುತ್ತೆ. ಎರಡು ಕಲ್ಲು ಕೂಡೋ ಜಾಗದಲ್ಲಿ ನೀರು ಹರಿಯುತ್ತೆ. ಹಿಂದಿನವರು ಆ ನೀರಿನ ಜಾಡು ಹಿಡಿದೇ ಸುರಂಗ ತೋಡಿದರು. ನಾನಕ್ ಝೀರಾದ ಝರಿ, ಝರಣಿ ನರಸಿಂಹ ಗುಹೆಯ ನೀರು ಕೂಡ ಇದೇ ಕಲ್ಲಿನ ಪುಣ್ಯ.

ಕಾನೂನಿಗೆ ಕಲ್ಲು ಕಾಣಲ್ಲ

ಸ್ಮಾರಕ ಕಾನೂನು ಕಟ್ಟಿದ್ದನ್ನ, ಕೊರೆದದ್ದನ್ನ ನೋಡುತ್ತೆ. ಅರಣ್ಯ ಕಾನೂನು ಕಾಡು ನೋಡುತ್ತೆ. ನೀರು ಇಂಗಿಸೋ ಬಯಲು ಎರಡರಲ್ಲೂ ಇಲ್ಲ. ಕೇರಳದ ಅಂಗಾಡಿಪುರಂನಲ್ಲಿ ಬುಕಾನನ್ ನೋಡಿ 1807ರಲ್ಲಿ 'ಲ್ಯಾಟರೈಟ್' ಅಂತ ಹೆಸರಿಟ್ಟಿದ್ದು ಇದೇ ಜಾತಿಯ ಕಲ್ಲಿಗೆ. ಅಲ್ಲಿನದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕರ್ನಾಟಕದಿಂದ ಲಾಲ್‌ಬಾಗ್ ಬಂಡೆ, ಸೇಂಟ್ ಮೇರೀಸ್ ದ್ವೀಪ ಆ ಪಟ್ಟಿಯಲ್ಲಿವೆ. ಬೀದರ್ ಕಲ್ಲು ಇಲ್ಲ.

ಇಂಗ್ಲೆಂಡ್ ಬೇರೆ ದಾರಿ ಹಿಡಿದಿದೆ. 1949ರ ಕಾಯ್ದೆಯಿಂದ ಶುರುವಾಗಿ, 1981ರಲ್ಲಿ ಬಿಗಿಯಾದ ವ್ಯವಸ್ಥೆ ಅದು. ವಿಜ್ಞಾನಕ್ಕೆ ಮುಖ್ಯವಾದ 4,000ಕ್ಕೂ ಹೆಚ್ಚು ಜಾಗಗಳು ಪಟ್ಟಿಯಲ್ಲಿವೆ: ಹುಲ್ಲುಗಾವಲು, ಜೌಗು, ಬರೀ ಕಲ್ಲಿನ ಗುಡ್ಡ ಕೂಡ. ಎಷ್ಟೋ ಕಡೆ ಜಮೀನು ಖಾಸಗಿಯವರದ್ದೇ. ಮಾಲೀಕ ಮಾಲೀಕನಾಗೇ ಇರ್ತಾನೆ. ಆದರೆ ಪಟ್ಟಿಯಲ್ಲಿ ಹೇಳಿದ ಅಗೆತ, ನೀರಿನ ದಾರಿ ಬದಲಿಸೋದಕ್ಕೆ ಮೊದಲು ಲಿಖಿತ ಒಪ್ಪಿಗೆ ಬೇಕು.

ಪ್ಲಾಟಿಗೆ ಮುಂಚೆ ನಕ್ಷೆ

ನೌಬಾದ ಸುತ್ತ ಬಡಾವಣೆ ಬೆಳೀತಿವೆ. ಸಾಲ ಮಾಡಿ ಪ್ಲಾಟ್ ಕೊಂಡವರದ್ದು ತಪ್ಪಿಲ್ಲ. ತನ್ನ ಅಂಗಳದ ಕೆಳಗೆ ಸುರಂಗ ಹೋಗಿದೆ ಅಂತ ಅವರಿಗೆ ಯಾರು ಹೇಳಬೇಕು? ಕಾಂಕ್ರೀಟ್ ಹಾಸಿದರೆ ನೀರು ಇಂಗಲ್ಲ. ಪಕ್ಕದಲ್ಲೇ ಬೋರ್ ಕೊರೆದರೆ ಸುರಂಗಕ್ಕೆ ಬರೋ ನೀರು ಬೋರಿಗೆ ಹೋಗುತ್ತೆ. ಗಾಳಿ ಬಾವಿಗೆ ಕಸ ಬಿದ್ದರೆ ಕೊಳಕು ಕೆಳಗಿನ ಬಾವಿತನಕ ಹರಿಯುತ್ತೆ. ಹೂಳಾದ್ರೆ ಹಣ ಹಾಕಿ ಮತ್ತೆ ತೆಗೆಸಬಹುದು. ನೀರು ಇಂಗೋ ಜಾಗ ಒಮ್ಮೆ ಹೋದ್ರೆ ಹೋಯ್ತು.

ದೊಡ್ಡ ಕಾನೂನು ಬರೋತನಕ ಕಾಯಬೇಕಿಲ್ಲ. ಸುರಂಗದ ಜಾಡು, ಗಾಳಿ ಬಾವಿ, ನೀರು ಇಂಗೋ ಬಯಲು ಇವನ್ನ ನಗರದ ನಕ್ಷೆಯಲ್ಲಿ ಗುರುತು ಮಾಡಿ, ಲೇಔಟ್ ಮಂಜೂರಿಗೆ ಮುಂಚೆ ನೋಡೋದು ಕಡ್ಡಾಯ ಮಾಡಿದರೆ ಅರ್ಧ ಕೆಲಸ ಆದಂಗೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ದುಡ್ಡು ಕೊಡೋ ಅಂಗಡಿಯವರು ಇದನ್ನ ಮೊದಲು ಕೇಳಬೇಕು.