ಕೋವಿಗಿಂತ ಮೊದಲು ನಕ್ಷೆ

ಆಗಸ್ಟ್ ಮುಗಿಯುತ್ತಾ ಬಂತೆಂದರೆ ವಿಸ್ಕಾನ್ಸಿನ್‌ನ ನಮ್ಮ ಕನ್ನಡ ಬಳಗದಲ್ಲಿ ಒಬ್ಬರಾದರೂ ಹೊಸಬರು ಕೇಳುತ್ತಾರೆ: "ಸಾರ್, ಇಲ್ಲೇ ಹತ್ತಿರದಲ್ಲಿ ಷಿಕಾರಿಗೆ ಹಕ್ಕಿ ಎಲ್ಲಿ ಸಿಗುತ್ತವೆ?" ಕೆಲವರು ಮಲೆನಾಡಿನಲ್ಲಿ ಅಜ್ಜನ ಷಿಕಾರಿ ಕಥೆ ಕೇಳಿ ಬೆಳೆದವರು. ಕೆಲವರಿಗೆ ಆಫೀಸಿನ ಗೆಳೆಯ ಕರೆದದ್ದರಿಂದ ಹುಟ್ಟಿದ ಆಸೆ. ಎಲ್ಲರಿಗೂ ನಾನು ಕೊಡುವ ಉತ್ತರ ಒಂದೇ. ಹಕ್ಕಿ ಎಲ್ಲಿದೆ ಎಂದು ಆಮೇಲೆ ನೋಡೋಣ, ನೀವು ಕಾಲಿಡುವ ನೆಲ ಯಾರದ್ದು ಎಂದು ಮೊದಲು ತಿಳಿಯಿರಿ.

ಕರ್ನಾಟಕದಲ್ಲಿ ಕುಳಿತು ಇದನ್ನು ಓದುವವರಿಗೆ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಇಂಥ ಬೇಟೆಗೆ ಜಾಗವಿಲ್ಲ, ಮೊಲ ಹೊಡೆದರೂ ಅಪರಾಧವೇ. ಅದು ಹಾಗೇ ಇರಬೇಕು ಎಂದು ನಂಬಿದವನು ನಾನು. ಅಮೆರಿಕದ ಲೆಕ್ಕಾಚಾರ ಬೇರೆ ಇತಿಹಾಸದಿಂದ ಬಂದದ್ದು. ಅದು ಅರ್ಥವಾಗದೆ ಇಲ್ಲಿ ಕೋವಿ ಹಿಡಿಯಬಾರದು.

ನಮ್ಮೂರಿನಲ್ಲಿ ಗೋಮಾಳ, ಗುಂಡುತೋಪು, ಸೊಪ್ಪಿನಬೆಟ್ಟ ಎಂದು ಬೇರೆ ಬೇರೆ ಹೆಸರಿವೆ, ಒಂದೊಂದರಲ್ಲೂ ಜನರಿಗಿರುವ ಹಕ್ಕು ಬೇರೆ. ಇಲ್ಲೂ ಹಾಗೆಯೇ, 'ಪಬ್ಲಿಕ್ ಲ್ಯಾಂಡ್' ಎಂಬ ಒಂದು ಮಾತಿನ ಹಿಂದೆ ಹಲವು ಬಗೆಯ ನೆಲವಿದೆ. ಕೇಂದ್ರ ಸರ್ಕಾರದ ಕೈಯಲ್ಲೇ ಸುಮಾರು 64 ಕೋಟಿ ಎಕರೆ ಇದೆ, ಅಂದರೆ ಹದಿಮೂರು ಕರ್ನಾಟಕದಷ್ಟು. ಆದರೆ ಅದರ ಬಹುಪಾಲು ಪಶ್ಚಿಮದ ರಾಜ್ಯಗಳಲ್ಲಿದೆ. ನೆವಾಡದಲ್ಲಿ ನೂರಕ್ಕೆ ಎಂಬತ್ತು ಭಾಗ ಕೇಂದ್ರದ್ದಾದರೆ ಟೆಕ್ಸಾಸ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ ಖಾಸಗಿ. ರಾಷ್ಟ್ರೀಯ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಬೇಟೆಯಿಲ್ಲ, ರಾಷ್ಟ್ರೀಯ ಅರಣ್ಯಗಳಲ್ಲಿ ಸಾಮಾನ್ಯವಾಗಿ ಉಂಟು. ಹೆಸರು ಕೇಳಲು ಒಂದೇ ತರಹ ಇರುವುದರಿಂದ ಹೊಸಬರು ಇಲ್ಲೇ ಮೊದಲು ಎಡವುತ್ತಾರೆ.

ನಾನು ಬಲ್ಲ ನೆಲ ವಿಸ್ಕಾನ್ಸಿನ್, ಹಾಗಾಗಿ ಅದನ್ನೇ ಬಿಡಿಸಿ ಹೇಳುತ್ತೇನೆ. ಇಲ್ಲಿನ ಉತ್ತರ ಭಾಗದಲ್ಲಿ ಒಂದು ಕಾಲಕ್ಕೆ ಆಕಾಶ ಮುಟ್ಟುವ ಬಿಳಿ ಪೈನ್ ಮರಗಳಿದ್ದವು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ನಾಟಾ ಕಂಪನಿಗಳು ಅವನ್ನು ಬೋಳಿಸಿದವು. ಉಳಿದ ಬೊಡ್ಡೆಗಳ ನೆಲವನ್ನು ಬೇಸಾಯಕ್ಕೆಂದು ವಲಸೆ ಬಂದ ಬಡ ಕುಟುಂಬಗಳಿಗೆ ಮಾರಿದರು. ಮರಳು ಮಣ್ಣು, ಬೇಗ ಬೀಳುವ ಹಿಮ, ಬೆಳೆ ಕೈಹತ್ತಲಿಲ್ಲ. ಕಂದಾಯ ಕಟ್ಟಲಾಗದೆ ಜನ ಜಮೀನು ಬಿಟ್ಟು ಹೋದರು, ಕೌಂಟಿ ಆಡಳಿತಗಳು ಅದನ್ನು ವಶಕ್ಕೆ ಪಡೆದು ಕಾಡು ಬೆಳೆಸಿದವು. ಇಂದು 30 ಕೌಂಟಿಗಳಲ್ಲಿ ಹೀಗೆ ಸುಮಾರು 24 ಲಕ್ಷ ಎಕರೆ ಕೌಂಟಿ ಅರಣ್ಯವಿದೆ. ಅದೇ ಉತ್ತರದಲ್ಲಿರುವ ಕೇಂದ್ರದ ಶುವಾಮಗನ್-ನಿಕೊಲೆ ರಾಷ್ಟ್ರೀಯ ಅರಣ್ಯಕ್ಕಿಂತಲೂ ಇದು ದೊಡ್ಡದು. ಒಬ್ಬ ರೈತ ಸೋತು ಬಿಟ್ಟ ನೆಲದಲ್ಲಿ ಇಂದು ನಾವು ಅಡ್ಡಾಡುತ್ತೇವೆ. ಕಾಡಿನ ಮಧ್ಯೆ ಕೆಲವೊಮ್ಮೆ ಹಳೆಯ ಮನೆಯ ಕಲ್ಲಿನ ಬುನಾದಿ, ಅದರ ಪಕ್ಕ ಯಾರೂ ನೋಡಿಕೊಳ್ಳದ ಸೇಬಿನ ಮರ ಸಿಗುತ್ತದೆ. ಆ ಮರದ ಬುಡಕ್ಕೆ ಹಕ್ಕಿಗಳು ಈಗಲೂ ಬರುತ್ತವೆ.

ಇನ್ನೊಂದು ಬಗೆಯದು ಹೊಸಬರಿಗೆ ಕಾಣುವುದೇ ಇಲ್ಲ. 'ಮ್ಯಾನೇಜ್ಡ್ ಫಾರೆಸ್ಟ್ ಲಾ' ಎಂಬ ಕಾನೂನಿನಡಿ ಖಾಸಗಿ ಮಾಲೀಕರು ತಮ್ಮ ಕಾಡನ್ನು ಯೋಜನೆಯಂತೆ ಬೆಳೆಸಿದರೆ ತೆರಿಗೆ ರಿಯಾಯಿತಿ ಸಿಗುತ್ತದೆ. ಜನರಿಗೆ ತೆರೆದಿಟ್ಟರೆ ರಿಯಾಯಿತಿ ಇನ್ನೂ ಹೆಚ್ಚು. ತೆರೆದಿಟ್ಟ ಜಾಗಕ್ಕೆ ಬೇಟೆ, ಮೀನು ಹಿಡಿಯುವುದು, ನಡಿಗೆ, ಕಾಡು ನೋಡುವುದು, ಹಿಮದ ಮೇಲೆ ಸ್ಕೀ ಮಾಡುವುದು ಈ ಐದಕ್ಕೆ ಯಾರು ಬೇಕಾದರೂ ಹೋಗಬಹುದು. ಬಾಗಿಲಲ್ಲಿ ಫಲಕ ಇರಲೇಬೇಕೆಂದಿಲ್ಲ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ನಕ್ಷೆ ತೆರೆದವನಿಗೆ ಮಾತ್ರ ಅದು ಸಾರ್ವಜನಿಕರಿಗೆ ತೆರೆದ ಕಾಡೆಂದು ಗೊತ್ತಾಗುತ್ತದೆ.

ಇದರ ಉಲ್ಟಾ ಕೂಡ ನಿಜ. ಇಲ್ಲಿ ಖಾಸಗಿ ಮಾಲೀಕ 'ಒಳಗೆ ಬರಬೇಡಿ' ಎಂದು ಬೋರ್ಡ್ ಹಾಕುವ ಅಗತ್ಯವಿಲ್ಲ. ಅನುಮತಿ ಕೇಳಿಕೊಳ್ಳುವ ಜವಾಬ್ದಾರಿ ನಮ್ಮದು. ನನ್ನ ಮೊದಲ ವರ್ಷ ಇದು ನನಗೆ ತಿಳಿದಿರಲಿಲ್ಲ. ಬೇಲಿ ಮುರಿದು ಬಿದ್ದಿತ್ತು, ಬೋರ್ಡ್ ಇರಲಿಲ್ಲ, ಕಾಡು ಮುಂದುವರಿದಿತ್ತು, ನಾನೂ ಮುಂದುವರಿದೆ. ನೂರು ಹೆಜ್ಜೆ ಆಚೆ ವಯಸ್ಸಾದ ಮಾಲೀಕರೊಬ್ಬರು ಎದುರಾದರು. ಕೂಗಾಡಲಿಲ್ಲ. ತಂತಿ ಬೆಸೆದುಕೊಂಡು ಬೆಳೆದಿದ್ದ ಒಂದು ಓಕ್ ಮರ ತೋರಿಸಿ, ನನ್ನಪ್ಪ ಹಾಕಿದ ಬೇಲಿ ಇದು ಎಂದರು, ಅಷ್ಟೇ. ತೊಗಟೆಯೊಳಗೆ ಹುದುಗಿ ಹೋಗಿದ್ದ ಆ ತುಕ್ಕು ತಂತಿಯನ್ನು ನೋಡುತ್ತ ನನಗೆ ಆದ ನಾಚಿಕೆ ಇನ್ನೂ ಮರೆತಿಲ್ಲ. ನಮ್ಮಲ್ಲಿ ಬಾಂದು ಕಲ್ಲು ಹೇಗೋ ಇಲ್ಲಿ ಇಂಥ ಗುರುತುಗಳು ಹಾಗೆ. ಫೋನಿನಲ್ಲಿ ಗಡಿ ತೋರಿಸುವ ಓನ್‌ಎಕ್ಸ್‌ನಂಥ ಆ್ಯಪ್‌ಗಳು ಈಗಿವೆ, ನೆರವಾಗುತ್ತವೆ. ಆದರೂ ಗೆರೆಯ ಪಕ್ಕದಲ್ಲೇ ನಡೆಯಬೇಡಿ, ಗಡಿಯಿಂದ ಸಾಕಷ್ಟು ಒಳಗಿರಿ.

ನೆಲ ಯಾರದ್ದು ಎಂಬುದು ಗೊತ್ತಾದ ಮೇಲೆ ಆ ಯಜಮಾನನ ನಿಯಮವೇನು ಎಂಬ ಪ್ರಶ್ನೆ. ಹೊರಿಕಾನ್ ಜೌಗು ಇದಕ್ಕೆ ಒಳ್ಳೆಯ ಉದಾಹರಣೆ. ನೋಡಲು ಒಂದೇ ನೀರು, ಒಂದೇ ಆಪು ಹುಲ್ಲು. ಆದರೆ ಉತ್ತರದ ಮೂರನೇ ಎರಡು ಭಾಗ ಕೇಂದ್ರದ ವನ್ಯಜೀವಿ ಧಾಮ, ದಕ್ಷಿಣದ ಮೂರನೇ ಒಂದು ಭಾಗ ರಾಜ್ಯದ್ದು. ಎರಡರ ನಿಯಮ ಬೇರೆ ಬೇರೆ. ಬಾತುಕೋಳಿಗೆ ಸೀಸದ ಗುಂಡು 1991ರಿಂದ ಇಡೀ ದೇಶದಲ್ಲೇ ನಿಷಿದ್ಧ. ಕೆರೆಯ ತಳಕ್ಕೆ ಬಿದ್ದ ಸೀಸದ ಕಾಳನ್ನು ಹಕ್ಕಿಗಳು ಹರಳೆಂದು ನುಂಗಿ ಸಾಯುತ್ತಿದ್ದವು, ಅದಕ್ಕೆ. ಕೇಂದ್ರದ 'ವಾಟರ್‌ಫೌಲ್ ಪ್ರೊಡಕ್ಷನ್ ಏರಿಯಾ' ಎಂಬ ಸಣ್ಣ ಜೌಗುಗಳಲ್ಲಿ ದಡದ ಹುಲ್ಲಿನಲ್ಲಿ ಫೆಸೆಂಟ್ ಹೊಡೆಯುವಾಗಲೂ ಉಕ್ಕಿನಂಥ ಸೀಸವಲ್ಲದ ಗುಂಡೇ ಬೇಕು.

ಈ ಜೌಗುಗಳು ಉಳಿದದ್ದು ಹೇಗೆಂದು ಹೊಸಬರಿಗೆ ನಾನು ತಪ್ಪದೆ ಹೇಳುತ್ತೇನೆ. ಮಾರುಕಟ್ಟೆಗೆಂದು ಹೊಡೆದು ಹೊಡೆದು, ಕೋಟಿಗಟ್ಟಲೆ ಇದ್ದ ಪ್ಯಾಸೆಂಜರ್ ಪಾರಿವಾಳವನ್ನೇ ಮುಗಿಸಿದ ದೇಶ ಇದು. ಅದರ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಆ ಆಘಾತದ ನಂತರ 1934ರಲ್ಲಿ ಡಕ್ ಸ್ಟಾಂಪ್ ಬಂತು. ಬಾತು ಬೇಟೆಗೆ ಹೋಗುವ 16 ತುಂಬಿದ ಪ್ರತಿಯೊಬ್ಬರೂ ಅದನ್ನು ಕೊಳ್ಳಬೇಕು, ಈಗ ಬೆಲೆ 25 ಡಾಲರ್. ಆ ಹಣದಿಂದ ಜೌಗು ನೆಲ ಖರೀದಿಸುತ್ತಾರೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಕೋವಿ ಮತ್ತು ತೋಟಾಗಳ ತೆರಿಗೆಯನ್ನು ವನ್ಯಜೀವಿ ಕೆಲಸಕ್ಕೆ ಮೀಸಲಿಟ್ಟಿತು. ಬೇಟೆಯನ್ನು ಒಪ್ಪದವರು ನಮ್ಮಲ್ಲಿ ಬಹಳ ಮಂದಿ, ಅವರ ಮಾತನ್ನು ನಾನು ಗೌರವಿಸುತ್ತೇನೆ. ಆದರೆ ಕೊಕ್ಕರೆ ನೋಡಲು ಅವರು ದುರ್ಬೀನು ಹಿಡಿದು ಬರುವ ಎಷ್ಟೋ ಜೌಗುಗಳನ್ನು ಕೊಂಡದ್ದು ಈ ದುಡ್ಡೇ.

ಇನ್ನು ಹಕ್ಕಿಯ ಮಾತು. ಉತ್ತರದ ಕಾಡುಗಳ ಮುಖ್ಯ ಹಕ್ಕಿ ರಫ್ಡ್ ಗ್ರೌಸ್. ನಮ್ಮ ಕಾಡುಕೋಳಿಗಿಂತ ಸ್ವಲ್ಪ ಚಿಕ್ಕದು, ತರಗೆಲೆಯ ಬಣ್ಣ. ವಸಂತದಲ್ಲಿ ಗಂಡು ಬಿದ್ದ ಮರದ ದಿಮ್ಮಿ ಏರಿ ರೆಕ್ಕೆ ಬಡಿದರೆ, ದೂರದ ತೋಟದಲ್ಲಿ ಯಾರೋ ಡೀಸೆಲ್ ಪಂಪು ಚಾಲೂ ಮಾಡಿದಂತೆ ಕೇಳುತ್ತದೆ. ಅದಕ್ಕೆ ದಟ್ಟ ಹಳೆಗಾಡು ಬೇಡ, ಎಳೆಗಾಡು ಬೇಕು. ಆಸ್ಪೆನ್ ಮರ ಕಡಿದರೆ ಬೇರಿನಿಂದಲೇ ಎಕರೆಗೆ ಸಾವಿರಾರು ಚಿಗುರು ಏಳುತ್ತವೆ. ಹತ್ತು ವರ್ಷದ ಆಸುಪಾಸಿನಲ್ಲಿ ಅವು ಮಣಿಕಟ್ಟಿನ ದಪ್ಪಕ್ಕೆ ಬಂದು, ಮನುಷ್ಯ ಮೈ ಓರೆ ಮಾಡಿ ನುಸುಳುವಷ್ಟು ಒತ್ತಾಗಿರುತ್ತವೆ. ಗಿಡುಗ, ಗೂಬೆ ಒಳನುಗ್ಗಲಾರವು, ಗ್ರೌಸ್ ಅಲ್ಲಿ ನೆಮ್ಮದಿಯಾಗಿರುತ್ತದೆ. ಆದ್ದರಿಂದ ಕೌಂಟಿ ಅರಣ್ಯ ಕಚೇರಿಗೆ ಫೋನ್ ಮಾಡಿದಾಗ 'ಹಕ್ಕಿ ಎಲ್ಲಿದೆ' ಎನ್ನಬೇಡಿ. 'ಹತ್ತು ವರ್ಷದ ಹಿಂದೆ ಆಸ್ಪೆನ್ ಕಡಿದದ್ದು ಎಲ್ಲೆಲ್ಲಿ' ಎಂದು ಕೇಳಿ. ಇಲಾಖೆಯ 'ಫ್ಲೈಟ್' ಎಂಬ ಆನ್‌ಲೈನ್ ನಕ್ಷೆಯೂ ಎಳೆ ಆಸ್ಪೆನ್ ಇರುವ ಸಾರ್ವಜನಿಕ ಜಾಗಗಳನ್ನು ಗುರುತಿಸಿ ಕೊಡುತ್ತದೆ. 1933ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬೇಟೆಪ್ರಾಣಿಗಳ ನಿರ್ವಹಣೆಯ ಪ್ರಾಧ್ಯಾಪಕರಾದ ಆಲ್ಡೊ ಲಿಯೊಪೋಲ್ಡ್ ಒತ್ತಿ ಹೇಳುತ್ತಿದ್ದುದೂ ನೆಲೆಯ ಬಗ್ಗೆಯೇ.

ಹಾಗಿದ್ದೂ ಮೊದಲ ವರ್ಷ ಗ್ರೌಸ್ ಬೇಡ ಎನ್ನುವುದು ನನ್ನ ಅಭಿಪ್ರಾಯ. ಅದು ಕಾಲ ಬುಡದಿಂದ ಸಿಡಿದೆದ್ದು ಮರದ ಮರೆಗೆ ಹೋಗುವಷ್ಟರಲ್ಲಿ ಹೊಸಬನ ಎದೆಯ ಡವಡವ ಇನ್ನೂ ತಗ್ಗಿರುವುದಿಲ್ಲ, ಗಡಿಬಿಡಿಯಲ್ಲಿ ತಪ್ಪುಗಳಾಗುತ್ತವೆ. ಅಳಿಲಿನಿಂದ ಶುರು ಮಾಡಿ. ಓಕ್ ಮರಗಳಿರುವ ಸಾರ್ವಜನಿಕ ಕಾಡು ಸಾಕು, ನಾಯಿ ಬೇಡ. ಬೆಳಗಿನ ಜಾವ ಮರಕ್ಕೆ ಒರಗಿ ಅರ್ಧ ಗಂಟೆ ಅಲುಗದೆ ಕುಳಿತರೆ ಕಾಡೇ ಪಾಠ ಹೇಳುತ್ತದೆ. ಜನವಸತಿಯ ಕಟ್ಟಡದಿಂದ 100 ಗಜದೊಳಗೆ ಮಾಲೀಕರ ಒಪ್ಪಿಗೆಯಿಲ್ಲದೆ ಗುಂಡು ಹಾರಿಸುವಂತಿಲ್ಲ ಎಂಬುದು ನೆನಪಿರಲಿ. ನವೆಂಬರ್ ಕೊನೆಯ ಜಿಂಕೆ ಸೀಸನ್‌ನಲ್ಲಿ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಅಂಗಿ ಕಡ್ಡಾಯ. ನಾನಂತೂ ವರ್ಷವಿಡೀ ಕಿತ್ತಳೆ ತೊಡುತ್ತೇನೆ.

1973ರ ಜನವರಿ 1ರಂದು ಅಥವಾ ಅದಾದ ಮೇಲೆ ಹುಟ್ಟಿದವರು ಪರವಾನಗಿಗೆ ಮುಂಚೆ ಹಂಟರ್ ಎಜುಕೇಷನ್ ಮುಗಿಸಿರಬೇಕು. ಇಲ್ಲದಿದ್ದರೆ ಅನುಭವಿಯೊಬ್ಬರು ಕೈಗೆಟಕುವಷ್ಟು ಹತ್ತಿರ ನಿಂತು ಕಲಿಸುವ ವ್ಯವಸ್ಥೆಯಲ್ಲಿ ಹೋಗಬಹುದು. ನಮ್ಮವರು ಗಮನಿಸಲೇಬೇಕಾದ ಇನ್ನೊಂದು ವಿಷಯವಿದೆ. ಎಚ್-1ಬಿ, ಎಫ್-1ನಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿ, ತೋಟಾ ಇಟ್ಟುಕೊಳ್ಳುವುದನ್ನು ಕೇಂದ್ರ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿಯಿದೆ. ಇಲ್ಲಿ ಪರವಾನಗಿ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಅದರೊಂದಿಗೆ ವಿನಾಯಿತಿಯೂ. ಗೆಳೆಯನ ಕೋವಿಯನ್ನು ಒಂದು ಕ್ಷಣ ಹಿಡಿಯುವುದೇ ಕೇಸಾಗಬಹುದು, ವೀಸಾ ಹೋಗಬಹುದು. ಸಂದೇಹವಿದ್ದರೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಹಕ್ಕಿ ಸಿಕ್ಕೇ ಸಿಗುತ್ತದೆ. ಆಗ ಅದನ್ನು ಚೀಲಕ್ಕೆ ಹಾಕಿ ಕಾರಿಗೆ ಹಿಂದಿರುಗುವ ಮುಂಚೆ ಅಲ್ಲೇ ಕುಳಿತು ಕತ್ತಿನ ಕೆಳಗಿನ ಮೇವಿನ ಚೀಲವನ್ನು ಮೆಲ್ಲಗೆ ಬಿಡಿಸಿ ನೋಡಿ. ಕ್ಲೋವರ್ ಎಲೆಯ ಚೂರುಗಳಿದ್ದರೆ ಬೆಳಿಗ್ಗೆ ಅದು ಹಳೆಯ ನಾಟಾ ದಾರಿಯ ಅಂಚಿನಲ್ಲಿ ಮೇಯುತ್ತಿತ್ತು. ಕಾಡು ದ್ರಾಕ್ಷಿಯಿದ್ದರೆ ಬಳ್ಳಿ ಹಬ್ಬಿದ ಬೇಲಿಸಾಲಿನ ಕಡೆ. ಆಸ್ಪೆನ್ ಮೊಗ್ಗಿದ್ದರೆ ಚಳಿಗಾಲ ಹತ್ತಿರ ಬಂತು, ಇನ್ನು ಮರದ ಮೇಲೂ ಕಣ್ಣಿಡಬೇಕು. ಏನು ಸಿಕ್ಕಿತೆಂದು ನಕ್ಷೆಯ ಆ ಜಾಗದಲ್ಲೇ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಹಳೆಯ ನಕ್ಷೆಯ ತುಂಬ ಇಂಥದ್ದೇ ಬರಹ. ಕಳೆದ ಅಕ್ಟೋಬರಿನದು 'ಕ್ಲೋವರ್, ಹದಿಮೂರು ಚೂರು, ಒಂದು ಸೇಬಿನ ಸಿಪ್ಪೆ'.